ನಡುರಾತ್ರಿಯ ವಿಮಾನಕ್ಕೆ ಯಾವತ್ತು ಹೊರಡಬೇಕು?

ಹೊಸಪೇಟೆಯ ಚಿತ್ತವಾಡ್ಗಿಯಿಂದ ದುಬೈಗೋ ದೋಹಾಕ್ಕೋ ಹೊರಟವರು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಗ್ಗೆ ಮೊದಲು ತಿಳಿಯಬೇಕಾದದ್ದು ಬಹಳ ಇಲ್ಲ. 2008ರ ಮೇ ತಿಂಗಳಲ್ಲಿ ಶುರುವಾದ ನಿಲ್ದಾಣ. ಈಗ ಎರಡು ಟರ್ಮಿನಲ್. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್ಲಿನಿಂದ ಹಾರುತ್ತವೆ. ಚೆಕ್-ಇನ್ ಅಂದರೆ ಲಗೇಜು ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯುವುದು. ಇಮಿಗ್ರೇಷನ್ ಅಂದರೆ ಪಾಸ್‌ಪೋರ್ಟಿಗೆ ಮುದ್ರೆ. ಸೆಕ್ಯುರಿಟಿ ಅಂದರೆ ಮೈ ಮತ್ತು ಕೈಚೀಲದ ತಪಾಸಣೆ. ಬೋರ್ಡು ಓದಿಕೊಂಡು ನಡೆದರೆ ಇಲ್ಲಿ ದಾರಿ ತಪ್ಪುವುದಿಲ್ಲ. ತಪ್ಪುವುದು ತಾರೀಕು.

ಟಿಕೆಟ್ಟಿನಲ್ಲಿ '15, 00:45' ಎಂದಿದೆ ಅನ್ನಿ. ಓದಿದವರು, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು ಕೂಡ ಇದನ್ನು '15ನೇ ತಾರೀಕು ರಾತ್ರಿ' ಎಂದು ಓದುತ್ತಾರೆ. 14ರ ರಾತ್ರಿ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸ್ಲೀಪರ್ ಹತ್ತಿ, 15ರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ನೆಂಟರ ಮನೆಯಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಸಂಜೆ ಸಾವಕಾಶವಾಗಿ ಹೊರಡುವುದು ಅವರ ಯೋಜನೆ. ಆದರೆ ಅವರ ಬಸ್ಸು ಚಿತ್ರದುರ್ಗದ ಆಸುಪಾಸಿನಲ್ಲಿ ಇದ್ದಾಗಲೇ ವಿಮಾನ ಹಾರಿಹೋಗಿರುತ್ತದೆ.

ಇದು ದಡ್ಡತನವಲ್ಲ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಸೋಮವಾರ ರಾತ್ರಿ ಒಂದು ಗಂಟೆ ನಮ್ಮ ಬಾಯಲ್ಲಿ ಇನ್ನೂ ಸೋಮವಾರವೇ. ಕೋಳಿ ಕೂಗಿದ ಮೇಲೆ ಮಂಗಳವಾರ. ವಿಮಾನದವರ ಗಡಿಯಾರಕ್ಕೆ ಸೂರ್ಯನ ಹಂಗಿಲ್ಲ. 23:59 ಆಗಿ ಒಂದು ನಿಮಿಷಕ್ಕೆ ಅದು ಹೊಸ ತಾರೀಕಿಗೆ ದಾಟುತ್ತದೆ. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಅನೇಕ ವಿಮಾನಗಳು ಏಳುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ, ಅಂದರೆ ಎರಡೂ ಲೆಕ್ಕಗಳು ಒಂದಕ್ಕೊಂದು ಒಗ್ಗದ ಅದೇ ಹೊತ್ತಿನಲ್ಲಿ. 00ರಿಂದ 05ರವರೆಗಿನ ಯಾವ ಅಂಕಿ ಕಂಡರೂ ಟಿಕೆಟ್ಟಿನ ಮೇಲೆ ಪೆನ್ನಿನಲ್ಲಿ 'ಹಿಂದಿನ ದಿನ ರಾತ್ರಿ' ಎಂದು ಬರೆದುಬಿಡಿ.

ಆಮೇಲೆ ಹಿಂದಕ್ಕೆ ಎಣಿಸಿ. 00:45 ವಿಮಾನ ಏಳುವ ಹೊತ್ತು. ಕೌಂಟರು ಸಾಮಾನ್ಯವಾಗಿ ಒಂದು ತಾಸು ಮುಂಚೆ, 14ರ ರಾತ್ರಿ 11:45ಕ್ಕೇ ಮುಚ್ಚುತ್ತದೆ. ಮೂರು ತಾಸು ಮುಂಚೆ ಬರಬೇಕು ಅಂದರೆ ರಾತ್ರಿ 9:45. ಹೊಸಪೇಟೆಯಿಂದ ಕಾರಿನಲ್ಲಿ ಏಳೆಂಟು ತಾಸು ಹಿಡಿಯಿರಿ. ಹಾಗಾದರೆ 14ರ ಮಧ್ಯಾಹ್ನದೊಳಗೆ ಊರು ಬಿಡಬೇಕು. ಬಸ್ಸೋ ರೈಲೋ ಆದರೆ 13ರ ರಾತ್ರಿಯದು.

ದಾರಿ ಸುಲಭ. ಕಾರಿನವರು ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಟ್ರಾಫಿಕ್ಕಿನ ಗೊಡವೆಯೇ ಇಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನವರು ಯಲಹಂಕದಲ್ಲೇ ಇಳಿಯುವುದು ಜಾಣತನ. ಮೆಜೆಸ್ಟಿಕ್‌ವರೆಗೆ ಹೋಗಿ ಅದೇ ದಿಕ್ಕಿಗೆ ವಾಪಸು ಬರುವುದೇಕೆ? ಬಸ್ಸಿನವರಿಗೆ ಮೆಜೆಸ್ಟಿಕ್ಕಿನಿಂದ ಬಿಎಂಟಿಸಿಯ ವಾಯು ವಜ್ರ ಇದೆ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ 2017ರಲ್ಲಿ ಉಡಾನ್ ಯೋಜನೆಯಡಿ ಬೆಂಗಳೂರಿಗೆ ವಿಮಾನ ಶುರುವಾಯಿತು. ಅಲ್ಲಿ ಕಂಪನಿಗಳೂ ವೇಳೆಯೂ ಬದಲಾಗುತ್ತಿರುತ್ತವೆ, ನೋಡಿಕೊಂಡೇ ನಂಬಿ. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮೊದಲನೆಯದು ತಡವಾದಾಗ ಎರಡನೆಯದರವರು ಕಾಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ. (ಹಂಪಿಯ ಅರಸರ ಸಾಮಂತನಾಗಿ 1537ರಲ್ಲಿ ಬೆಂಗಳೂರು ಕಟ್ಟಿದವನ ಹೆಸರನ್ನೇ ದೇವನಹಳ್ಳಿಯ ನಿಲ್ದಾಣಕ್ಕೆ ಇಟ್ಟಿದ್ದಾರೆ. ನಮ್ಮ ಕಡೆಯವರು ಅಲ್ಲಿ ಅಳುಕುವ ಕಾರಣವೇ ಇಲ್ಲ!)

ಬುತ್ತಿಯ ವಿಚಾರ. ಶೇಂಗಾ ಹೋಳಿಗೆ, ಚಟ್ನಿಪುಡಿ, ರೊಟ್ಟಿ ಲಗೇಜಿನಲ್ಲಿ ಇರಲಿ. ಇಡಿ ಒಣಕೊಬ್ಬರಿ ಬೇಡ: ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಏಕೆಂದರೆ ಕೆಳಗಿನ ಸರಕಿನ ಕೋಣೆಯಲ್ಲಿ ಅದು ಹೊತ್ತಿದರೆ ಆರಿಸಲು ಅಲ್ಲಿ ಯಾರೂ ಇರುವುದಿಲ್ಲ. ಪಾಯಸಕ್ಕೆಂದು ಅತ್ತೆಯವರು ಕಟ್ಟಿಕೊಟ್ಟ ಗಸಗಸೆಯನ್ನು ಮನೆಯಲ್ಲೇ ಬಿಡಿ. ದುಬೈಯಲ್ಲಿ ಅದು ಮಾದಕವಸ್ತುವಿನ ಲೆಕ್ಕ, ಜೈಲಿನವರೆಗೂ ಹೋದೀತು.

ಇನ್ನೊಂದು ಗೊಂದಲ: 'ವಿಮಾನ ನಾಲ್ಕಕ್ಕೆ ಬಿಟ್ಟು ಆರೂವರೆಗೆ ದುಬೈ ಮುಟ್ಟುತ್ತದೆ, ಎರಡೂವರೆ ತಾಸಿನ ದಾರಿ.' ಅಲ್ಲ, ನಾಲ್ಕು ತಾಸು. ಹೊರಡುವ ಹೊತ್ತು ನಮ್ಮದು, ಮುಟ್ಟುವ ಹೊತ್ತು ಅಲ್ಲಿಯದು. ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು, ಅವರದು 60ಕ್ಕೆ. ನಡುವೆ 22.5 ಡಿಗ್ರಿ, ಅಂದರೆ ಒಂದೂವರೆ ತಾಸು.

ರೇಖಾಂಶದ ಈ ಲೆಕ್ಕವನ್ನು ಇಲ್ಲಿಗೇ ಬಿಡಬೇಡಿ ಎಂದು ನನ್ನ ಕೋರಿಕೆ. ಹೊಸಪೇಟೆ ಇರುವುದು 76.4 ಡಿಗ್ರಿಯ ಹತ್ತಿರ. ಹಾಗಾಗಿ ನಮ್ಮೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ ಗಡಿಯಾರದ 12:24ರ ಸುಮಾರಿಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಮಕ್ಕಳ ಕೈಲಿ ಬರೆಸಿ. ತಿಂಗಳು ಬಿಟ್ಟು ಮತ್ತೆ ಬರೆಸಿ. ಹೊತ್ತು ಕೆಲವು ನಿಮಿಷ ಹಿಂದೆಮುಂದೆ ಆಗಿರುತ್ತದೆ. ಯಾಕೆ ಎಂದು ಅವರು ಕೇಳಿದರೆ ಶಾಲೆಯ ಗ್ಲೋಬನ್ನು ಕೆಳಗಿಳಿಸಿ, ಭೂಮಿಯ ಓರೆ ಅಕ್ಷದಿಂದ ಶುರುಮಾಡಿ.