ಕಾಲಮಿತಿಯ ಕೀಲಿಮಣೆ ಇನ್‌ಪುಟ್

ಕನ್ಸೋಲ್ ಪ್ರೋಗ್ರಾಂ ಒಂದು ಕೀಲಿ ಒತ್ತುವಿಕೆಗಾಗಿ ನಿಗದಿತ ಅವಧಿಯವರೆಗೆ ಮಾತ್ರ ಕಾದು, ಏನೂ ಬಾರದಿದ್ದರೆ ತಾನಾಗಿಯೇ ಮುಂದುವರಿಯುವ ವಿಧಾನವೇ ಕಾಲಮಿತಿಯ ಕೀಲಿಮಣೆ ಇನ್‌ಪುಟ್. ಗಣಕವನ್ನು ಚಾಲೂ ಮಾಡಿದಾಗ ಗ್ರಬ್ ಮೆನು ಕೆಲವು ಸೆಕೆಂಡು ಕಾದು, ಪೂರ್ವನಿಗದಿತ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸುವುದು ಇದಕ್ಕೆ ಪರಿಚಿತ ಉದಾಹರಣೆ.

ಸಮಸ್ಯೆಯ ಸ್ವರೂಪ

ಸಿ ಭಾಷೆಯ ಗೆಟ್‌ಚಾರ್, ಸ್ಕ್ಯಾನ್‌ಎಫ್ ಮುಂತಾದ ಫಂಕ್ಷನ್‌ಗಳು ಇನ್‌ಪುಟ್ ದೊರೆಯುವವರೆಗೆ ಪ್ರೋಗ್ರಾಂ ಅನ್ನು ತಡೆಹಿಡಿಯುತ್ತವೆ. ಇದಲ್ಲದೆ, ಟರ್ಮಿನಲ್ ಸಾಮಾನ್ಯವಾಗಿ ಸಾಲುಗಳ ಲೆಕ್ಕದಲ್ಲಿ ಕೆಲಸ ಮಾಡುವುದರಿಂದ, ಎಂಟರ್ ಒತ್ತುವವರೆಗೆ ಯಾವ ಅಕ್ಷರವೂ ಪ್ರೋಗ್ರಾಂ ಅನ್ನು ತಲುಪುವುದಿಲ್ಲ. ಕೀಲಿ ಬಂದಿದೆಯೇ ಎಂದು ಲೂಪ್‌ನಲ್ಲಿ ಬಿಡುವಿಲ್ಲದೆ ಪರೀಕ್ಷಿಸಬಹುದಾದರೂ ಅದರಿಂದ ಪ್ರೊಸೆಸರ್‌ನ ಸಮಯ ವ್ಯರ್ಥವಾಗುತ್ತದೆ. ಆದ್ದರಿಂದ ಕಾಯುವ ಹೊಣೆಯನ್ನು ಕಾರ್ಯಾಚರಣ ವ್ಯವಸ್ಥೆಗೇ ಒಪ್ಪಿಸುವುದು ಸೂಕ್ತ.

ಯುನಿಕ್ಸ್ ಮತ್ತು ಲಿನಕ್ಸ್

1983ರ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಬಂದ 'ಸೆಲೆಕ್ಟ್' ಕರೆಗೆ ಕಾಯಬೇಕಾದ ಫೈಲ್ ಡಿಸ್ಕ್ರಿಪ್ಟರ್‌ಗಳನ್ನೂ ಕಾಲಮಿತಿಯನ್ನೂ ನೀಡಲಾಗುತ್ತದೆ. ಕೀಲಿಮಣೆಯ ಡಿಸ್ಕ್ರಿಪ್ಟರ್ ಸಾಮಾನ್ಯವಾಗಿ 0. ಇನ್‌ಪುಟ್ ಸಿದ್ಧವಿದ್ದರೆ ಧನ ಸಂಖ್ಯೆ, ಅವಧಿ ಮುಗಿದರೆ 0, ದೋಷವಿದ್ದರೆ -1 ಹಿಂದಿರುಗುತ್ತದೆ. ಎಂಟರ್ ಇಲ್ಲದೆ ಒಂದೇ ಕೀಲಿಯನ್ನು ಗ್ರಹಿಸಲು 'ಟರ್ಮಿಯೋಸ್' ಮೂಲಕ ಟರ್ಮಿನಲ್‌ನ ಸಾಲು ಸ್ಥಿತಿಯನ್ನು ಮೊದಲು ರದ್ದುಗೊಳಿಸಬೇಕು. ಆ ಸ್ಥಿತಿಯಲ್ಲಿ 'ವಿಮಿನ್' ಮೌಲ್ಯವನ್ನು 0 ಮಾಡಿ, 'ವಿಟೈಮ್' ಮೌಲ್ಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಕೊಟ್ಟರೆ 'ರೀಡ್' ಕರೆಯೇ ಕಾಲಮಿತಿಯನ್ನು ಪಾಲಿಸುತ್ತದೆ. 5 ಸೆಕೆಂಡಿಗೆ 50 ಎಂದು ಕೊಡಬೇಕು. ಬ್ಯಾಶ್ ಶೆಲ್‌ನ 'ರೀಡ್' ಆದೇಶಕ್ಕೆ 'ಟಿ' ಆಯ್ಕೆಯ ಮೂಲಕ ಸೆಕೆಂಡುಗಳನ್ನು ಸೂಚಿಸಬಹುದು.

ವಿಂಡೋಸ್

ವಿಂಡೋಸ್‌ನಲ್ಲಿ 'ಸೆಲೆಕ್ಟ್' ಸಾಕೆಟ್‌ಗಳಿಗಷ್ಟೇ ಅನ್ವಯಿಸುತ್ತದೆ. ಇಲ್ಲಿ 'ವೇಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್' ಫಂಕ್ಷನ್‌ಗೆ ಕನ್ಸೋಲ್ ಇನ್‌ಪುಟ್‌ನ ಹ್ಯಾಂಡಲ್ ಹಾಗೂ ಮಿಲಿಸೆಕೆಂಡುಗಳನ್ನು ನೀಡಲಾಗುತ್ತದೆ. ಕೀಲಿಯನ್ನು ಬಿಟ್ಟಾಗಲೂ ಮೌಸ್ ಚಲಿಸಿದಾಗಲೂ ಇದು ಎಚ್ಚರಗೊಳ್ಳಬಹುದು. ಆದ್ದರಿಂದ ಘಟನೆಯ ಬಗೆಯನ್ನು ಪರಿಶೀಲಿಸಿ, ಅದು ಕೀಲಿ ಒತ್ತುವಿಕೆಯಲ್ಲದಿದ್ದರೆ ಉಳಿದ ಅವಧಿಗೆ ಮತ್ತೆ ಕಾಯಬೇಕು. 'ಕೆಬಿಹಿಟ್' ಫಂಕ್ಷನ್ ಅನ್ನು ಸಣ್ಣ ವಿರಾಮಗಳೊಂದಿಗೆ ಕರೆಯುವುದು ಇನ್ನೊಂದು ಸರಳ ಮಾರ್ಗ.

ಗಮನಿಸಬೇಕಾದ ಅಂಶಗಳು

ಬದಲಿಸಿದ ಟರ್ಮಿನಲ್ ಸ್ಥಿತಿಯನ್ನು ಪ್ರೋಗ್ರಾಂ ಮುಗಿಯುವ ಮುನ್ನ ಮೊದಲಿನಂತೆ ಮಾಡಬೇಕು. ಅಕ್ಷರಗಳ ಪ್ರದರ್ಶನವನ್ನೂ ನಿಲ್ಲಿಸಿದ್ದರೆ, ಬಳಕೆದಾರನು ಅನಂತರ ಒತ್ತಿದ್ದು ಪರದೆಯ ಮೇಲೆ ಕಾಣದೇ ಹೋಗಬಹುದು. ಲಿನಕ್ಸ್‌ನಲ್ಲಿ 'ಸೆಲೆಕ್ಟ್' ತನಗೆ ಕೊಟ್ಟ ಕಾಲಮಿತಿಯ ಮೌಲ್ಯವನ್ನೇ ತಿದ್ದುವುದರಿಂದ, ಪ್ರತಿ ಕರೆಗೂ ಮುನ್ನ ಅದನ್ನು ಹೊಸದಾಗಿ ತುಂಬಬೇಕು. 'ಗೆಟ್‌ಚಾರ್' ಈಗಾಗಲೇ ತನ್ನ ಬಫರ್‌ಗೆ ಓದಿಕೊಂಡಿರುವ ಅಕ್ಷರಗಳು 'ಸೆಲೆಕ್ಟ್'ಗೆ ಗೋಚರಿಸುವುದಿಲ್ಲ. ಹೀಗಾಗಿ ಇವೆರಡನ್ನೂ ಬೆರೆಸದೆ, 'ಸೆಲೆಕ್ಟ್' ಜೊತೆಗೆ 'ರೀಡ್' ಅನ್ನೇ ಬಳಸುವುದು ಸುರಕ್ಷಿತ.