ಟ್ಯಾಂಗೋದಲ್ಲಿ ‘ಥ್ಯಾಂಕ್ಸ್’ ಅಂದ್ರೆ ಸಾಕು, ಬಿಡಿ ಅಂತ

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೋ ಕುಣಿಯೋಕೆ ಜನ ಸೇರುವ ಕೂಟಕ್ಕೆ ‘ಮಿಲೋಂಗಾ’ ಅಂತಾರೆ. ಅಲ್ಲಿನ ಹಳೇ ಕಟ್ಟಳೆ ಪ್ರಕಾರ ಗಂಡಸು ಸೀದಾ ಹೆಣ್ಣಿನ ಮೇಜಿಗೆ ಹೋಗಿ ‘ಕುಣಿಯೋಣ ಬನ್ನಿ’ ಅನ್ನುವಂತಿಲ್ಲ. ದೂರದಿಂದಲೇ ನೋಡಬೇಕು, ಕಣ್ಣು ಕೂಡಿದರೆ ತಲೆ ಅಲ್ಲಾಡಿಸಬೇಕು. ಇದು ‘ಕಬೆಸೆಯೋ’. ಇಷ್ಟವಿಲ್ಲದಿದ್ದರೆ ಆಕೆ ಬೇರೆ ಕಡೆ ನೋಡ್ತಾಳೆ, ಅಷ್ಟೇ. ನಿರಾಕರಿಸಿದ್ದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ.

ಒಪ್ಪಿದರೆ ಮೂರ್ನಾಲ್ಕು ಹಾಡಿನ ಒಂದು ಕಂತನ್ನು ಜೊತೆಯಲ್ಲಿ ಕುಣೀಬೇಕು. ಹಾಡು ಹಾಡಿನ ನಡುವೆ ಮಾತು, ಹೊಗಳಿಕೆ, ಸಣ್ಣ ಸರಸ ಎಲ್ಲ ನಡೆಯುತ್ತೆ. ಇಂಥ ಬೆಣ್ಣೆ ಮಾತಿಗೆ ಅಲ್ಲಿನ ಆಡುನುಡಿಯಲ್ಲಿ ‘ಚಮೂಶೋ’ ಅಂತ ಹೆಸರೇ ಇದೆ. ಕಂತಿನ ಮಧ್ಯೆ ‘ಗ್ರಾಸಿಯಾಸ್’, ಅಂದ್ರೆ ಥ್ಯಾಂಕ್ಸ್, ಅಂದುಬಿಟ್ಟರೆ ‘ನಿನ್ನ ಜೊತೆ ಕುಣಿದದ್ದು ಸಾಕು’ ಅಂತ ಅರ್ಥ.

ಇದೇ ಊರಿನ ಬೀದಿಯಲ್ಲಿ ಇನ್ನೊಂದು ಹೊಗಳಿಕೆ ಇದೆ: ‘ಪಿರೋಪೋ’. ದಾರೀಲಿ ಹೋಗುವ ಹೆಣ್ಣಿಗೆ ಎಸೆಯುವ ಮಾತು. ನಮ್ಮ ಭಾಷೇಲಿ ಚುಡಾಯಿಸೋದು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಪೊಲೀಸರು ಇದಕ್ಕೆ 50 ಪೆಸೊ ದಂಡ ಹಾಕಿದ್ದರು. ಆ ದಂಡವನ್ನೇ ಗೇಲಿ ಮಾಡಿ ಆಂಜೆಲ್ ವಿಶೋಲ್ದೋ ಒಂದು ಟ್ಯಾಂಗೋ ಕಟ್ಟಿದ! 2014ರಲ್ಲಿ, ಆಗ ನಗರಾಡಳಿತದ ಮುಖ್ಯಸ್ಥರಾಗಿದ್ದ ಮೌರಿಸಿಯೊ ಮಾಕ್ರಿ, ಪಿರೋಪೋ ಎಲ್ಲ ಹೆಂಗಸರಿಗೂ ಇಷ್ಟ ಎಂಬರ್ಥದಲ್ಲಿ ಮಾತಾಡಿ ಆಮೇಲೆ ಕ್ಷಮೆ ಕೇಳಬೇಕಾಯ್ತು. 2016ರಲ್ಲಿ ನಗರ ಬೀದಿ ಕಿರುಕುಳದ ವಿರುದ್ಧ ಕಾನೂನು ತಂತು, 2019ರಲ್ಲಿ ದೇಶದ ಕಾನೂನಿಗೂ ಅದು ಸೇರಿತು.

ಮಾತು ಎರಡೂ ಕಡೆ ಒಂದೇ ಇರಬಹುದು. ಆದರೆ ಮಿಲೋಂಗಾದಲ್ಲಿ ಕಣ್ಣು ತಿರುಗಿಸಿದರೆ ಅಲ್ಲಿಗೆ ಮುಗೀತು. ಬೀದಿಯಲ್ಲಿ ತಿರುಗಿಸಿದರೆ ‘ಎಷ್ಟು ಜಂಭ ನೋಡು’ ಅಂತ ಇನ್ನೊಂದು ಮಾತು ಬೀಳುತ್ತೆ.

ಹಾಗಂತ ಮಿಲೋಂಗಾವನ್ನು ಆದರ್ಶ ಅಂತ ಅಟ್ಟಕ್ಕೇರಿಸೋದೂ ಬೇಡ. ಹಳೇ ಪದ್ಧತೀಲಿ ತಲೆಯಾಡಿಸಿ ಕರೆಯೋನು ಗಂಡಸು, ಕಾಯೋಳು ಹೆಂಗಸು. ಯಾರೂ ಕರೆಯದೆ ರಾತ್ರಿಯಿಡೀ ಕೂರೋದಕ್ಕೆ ಅಲ್ಲಿ ‘ಇಸ್ತ್ರಿ ಹಾಕೋದು’ ಅಂತಾರೆ! ಇನ್ನು ಎದೆಗೆ ಎದೆ ತಾಗುವ ಆಲಿಂಗನದಲ್ಲಿ ಕೈ ಸಲ್ಲದ ಕಡೆ ಸರಿದರೆ? ಥ್ಯಾಂಕ್ಸ್ ಹೇಳಿ ಹೊರಬರಬಹುದು ನಿಜ. ಆದರೆ ಕಂತಿನ ಮಧ್ಯೆ ನೆಲ ಬಿಟ್ಟವಳನ್ನು ಇಡೀ ಕೋಣೆ ನೋಡುತ್ತೆ. ಎದುರಿಗಿರೋನು ಹೆಸರಾಂತ ಶಿಕ್ಷಕನೋ ಸಂಘಟಕನೋ ಆಗಿದ್ದರೆ ಆ ಒಂದು ಪದಕ್ಕೆ ಮುಂದೆ ಎಷ್ಟು ಅವಕಾಶ ಕಳ್ಕೋಬೇಕೋ. ಸೌಜನ್ಯದ ನಿಯಮಗಳು ಸೋಲೋದು ಇಲ್ಲೇ: ನಿರಾಕರಣೆಯ ಬೆಲೆ ಇಬ್ಬರಿಗೂ ಒಂದೇ ಅಂತ ಅವು ನಂಬಿವೆ.

2015ರ ‘ನಿ ಉನಾ ಮೆನೋಸ್’ ಚಳವಳಿಯ ನಂತರ ಅಲ್ಲಿನ ಸ್ತ್ರೀವಾದಿ ನರ್ತಕಿಯರು ಹಿಡಿದದ್ದು ಇದನ್ನೇ. ಕಿರುಕುಳ ನಡೆದರೆ ಸಂಘಟಕರು ಏನು ಮಾಡಬೇಕು ಅಂತ ಬರಹದಲ್ಲಿ ನಿಯಮಾವಳಿ ಮಾಡಿದರು. ಕ್ವಿಯರ್ ಟ್ಯಾಂಗೋ ಕೂಟಗಳಲ್ಲಂತೂ ಯಾರು ಬೇಕಾದರೂ ಕರೀಬಹುದು, ಯಾರು ಬೇಕಾದರೂ ಮುನ್ನಡೆಸಬಹುದು. ಕಣ್ಣೋಟ, ಹೊಗಳಿಕೆ, ಸರಸ ಯಾವುದನ್ನೂ ಅವರು ಕೈಬಿಟ್ಟಿಲ್ಲ.