ಆಕಾಶದ ದಾರಿಯೂ ಗಡಿಯಾರವೂ

ಕೃಷ್ಣಾನದಿಯ ದಡದಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದಿಂದ ಬೆಂಗಳೂರಿಗೆ ಹೊರಟವನು, ಹೈದರಾಬಾದಿಗೆ ಹೋಗಿ ವಿಮಾನವನ್ನೇರಿದರೆ ಎಷ್ಟು ಕಾಲವನ್ನು ಉಳಿಸುವನು? ಲೆಕ್ಕ ಹಾಕಿ ನೋಡೋಣ.

ಶಂಷಾಬಾದ್ ಮತ್ತು ದೇವನಹಳ್ಳಿಯ ವಿಮಾನನಿಲ್ದಾಣಗಳಿಗೆ ಅಕ್ಷಾಂಶದಲ್ಲಿ ಸುಮಾರು 4 ಡಿಗ್ರಿಗಳ ಅಂತರವಿದೆ. ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಇದು 444 ಕಿ.ಮೀ. ಪೂರ್ವಪಶ್ಚಿಮವಾಗಿ ಇರುವ ಅಂತರ ಸುಮಾರು 77 ಕಿ.ಮೀ. ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ ನೇರ ದೂರವು ಸುಮಾರು 450 ಕಿ.ಮೀ. ಎಂದು ತಿಳಿಯುವುದು.

ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದು ಕೇವಲ 34 ನಿಮಿಷಗಳ ದಾರಿ. ಆದರೆ ವೇಳಾಪಟ್ಟಿಯಲ್ಲಿ ಸುಮಾರು 70 ನಿಮಿಷಗಳಿರುತ್ತವೆ. ಏಕೆ? ವಿಮಾನವು ನೆಲದ ಮೇಲೆ ಉರುಳುವ ಕಾಲವೂ ಅದರಲ್ಲಿ ಸೇರಿದೆ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಓಡುದಾರಿಗೆ ಎದುರಾಗಿ ಬರಲು ಸುತ್ತಬೇಕಾಗುವುದೂ ಉಂಟು. ಆದ್ದರಿಂದ ಸರಾಸರಿ ವೇಗವು 400 ಕಿ.ಮೀ.ಗಿಂತಲೂ ಕಡಿಮೆ.

ಇನ್ನು ನಮ್ಮ ಪ್ರಯಾಣಿಕನ ವಿಷಯ. ರಸ್ತೆಯ ತಿರುವುಗಳನ್ನು ಬಿಟ್ಟು, ನೆಲದ ಮೇಲಿನ ವೇಗ ಗಂಟೆಗೆ 60 ಕಿ.ಮೀ. ಎಂದು ಭಾವಿಸೋಣ. ಶಂಷಾಬಾದಿಗೆ 150 ಕಿ.ಮೀ.: ಎರಡೂವರೆ ಗಂಟೆ. ನಿಲ್ದಾಣದಲ್ಲಿ ಕಾಯಲು ಒಂದೂವರೆ ಗಂಟೆ. ವಿಮಾನದಲ್ಲಿ 70 ನಿಮಿಷ. ಒಟ್ಟು 5 ಗಂಟೆ 10 ನಿಮಿಷ. ದೇವನಹಳ್ಳಿಗೆ ನೆಲದ ಮೇಲೆಯೇ ನೇರವಾಗಿ ಸಾಗಿದರೆ 350 ಕಿ.ಮೀ.: 5 ಗಂಟೆ 50 ನಿಮಿಷ. ಉಳಿದದ್ದು 40 ನಿಮಿಷ ಮಾತ್ರ!

ವಿಮಾನದ ವೇಗವನ್ನು ಇಮ್ಮಡಿಗೊಳಿಸಿದರೂ ಆ 34 ನಿಮಿಷಗಳಲ್ಲಿ 17 ಮಾತ್ರ ಉಳಿಯುವುವು. ನಿಲ್ದಾಣವು ಊರಿಗೆ 17 ಕಿ.ಮೀ. ಸಮೀಪವಾದರೂ ಉಳಿಯುವುದು ಅಷ್ಟೇ ಕಾಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.